ಸೋಮನಾಥಪುರಕ್ಕೆ ಹೋಗುವವರಿಗೆ ಒಂದು ಸಲಹೆ

ಸೋಮನಾಥಪುರದ ಕೇಶವ ದೇವಾಲಯವನ್ನು ನೋಡಲು ಹೋಗುವವರು ಬೆಳಿಗ್ಗೆಯೇ ತಲುಪುವುದು ಒಳಿತು. ಪಾದರಕ್ಷೆಯನ್ನು ಹೊರಗೆ ಬಿಡಬೇಕಾಗುವುದರಿಂದ ಬೇಸಿಗೆಯ ಮಧ್ಯಾಹ್ನದಲ್ಲಿ ಕಾದ ಕಲ್ಲುಹಾಸಿನ ಮೇಲೆ ನಿಲ್ಲುವುದೇ ಕಷ್ಟ (ಕಾಲುಚೀಲ ಮರೆತು ನಾನು ಓಡಿದ್ದೂ ಉಂಟು). ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಕಟ್ಟಿಸಿದ ಈ ತ್ರಿಕೂಟದೊಳಗೆ, ಅಂದರೆ ಮೂರು ಗರ್ಭಗುಡಿಗಳ ದೇವಾಲಯದೊಳಗೆ, ನೇರವಾಗಿ ಹೋಗುವ ಬದಲು, ಮೊದಲು ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆಯ) ಮೇಲೆ ಪ್ರದಕ್ಷಿಣೆಯಾಗಿ ಸುತ್ತಿ ಬನ್ನಿ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿಯ ಸುರುಳಿ, ಬಳಿಕ ಪುರಾಣಕಥೆಗಳ ಪಟ್ಟಿಕೆ ಕಾಣಸಿಗುತ್ತವೆ. ದೊಡ್ಡ ವಿಗ್ರಹಗಳ ಪೀಠದತ್ತ ಬಗ್ಗಿ ನೋಡಿದರೆ, ಶಿಲ್ಪಿ ಮಲ್ಲಿತಮ್ಮನು ಅಂದಿನ ಕನ್ನಡ ಅಕ್ಷರಗಳಲ್ಲಿ ಕೊರೆದ ತನ್ನ ಹೆಸರು ಹಲವೆಡೆ ಸಿಗುತ್ತದೆ. ನನ್ನ ಮಟ್ಟಿಗೆ ಇಡೀ ಗುಡಿಯಲ್ಲಿ ಅದೇ ಹೆಚ್ಚಿನ ಆಕರ್ಷಣೆ. ಬಳಪದ ಕಲ್ಲು ಮೃದುವಾದುದರಿಂದ ಕೆತ್ತನೆಯನ್ನು ಮುಟ್ಟದೆ ನೋಡಿ. ಒಳಗೆ ಕಣ್ಣು ಮಬ್ಬಿಗೆ ಹೊಂದಿಕೊಂಡ ಮೇಲೆ ತಲೆಯೆತ್ತಿ, ಭುವನೇಶ್ವರಿಗಳಿಂದ (ಕೆತ್ತನೆಯ ಒಳಛಾವಣಿಗಳಿಂದ) ಇಳಿಬಿದ್ದ ಕಲ್ಲಿನ ಬಾಳೆಮೊಗ್ಗುಗಳನ್ನು ಗಮನಿಸಿ.