ಓದಲು ತಡವರಿಸುವ ಮಗು: ಮೂರನೇ ತರಗತಿಯಲ್ಲೇ ಶುರು ಮಾಡಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಮಗುವಿನ ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೆ ಅಲೆಯುವ ಪೋಷಕರನ್ನು ಕಂಡರೆ ಸಂಕಟವಾಗುತ್ತದೆ. ಬುದ್ಧಿ ಚುರುಕಾಗಿದ್ದರೂ ಓದು, ಬರಹ, ಲೆಕ್ಕದಲ್ಲಿ ತೊಡಕಾಗುವ ಈ ನ್ಯೂನತೆಯ ಸುಳಿವು ಎರಡನೇ, ಮೂರನೇ ತರಗತಿಯಲ್ಲೇ ಸಿಕ್ಕಿರುತ್ತದೆ. ‘ದೊಡ್ಡವನಾದ ಮೇಲೆ ಸರಿಹೋಗ್ತಾನೆ ಬಿಡಿ’ ಎಂದು ಎಲ್ಲರೂ ಸುಮ್ಮನಾಗಿರುತ್ತಾರೆ. ಅಷ್ಟೂ ವರ್ಷ ಮಗು ದಡ್ಡ ಎನಿಸಿಕೊಂಡೇ ಬೆಳೆದಿರುತ್ತದೆ.

ಮೊದಲು ಬರೆದಿಡಿ. ಎರಡು ವಾರ ಶಿಕ್ಷಕರೂ ಮನೆಯವರೂ ಕಂಡದ್ದನ್ನು ಕಂಡ ಹಾಗೆ ಟಿಪ್ಪಣಿ ಮಾಡಬೇಕು. ‘ಗಮನ ಕೊಡುವುದಿಲ್ಲ’, ‘ಸೋಮಾರಿ’ ಎಂದು ಬರೆದರೆ ಯಾವ ತಜ್ಞರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ಬೋರ್ಡಿನ ಮೇಲಿನ ಐದು ಸಾಲಿನಲ್ಲಿ ಎರಡನ್ನಷ್ಟೇ ಬರೆದುಕೊಂಡ, ‘ಅಕ್ಕ’ ಬರೆಯುವಾಗ ಒತ್ತಕ್ಷರ ಬಿಟ್ಟ, ದೀರ್ಘ ಮರೆತ, ಅದೇ ಪಾಠವನ್ನು ಓದಿ ಹೇಳಿದಾಗ ಬಾಯಲ್ಲಿ ಸರಿಯಾದ ಉತ್ತರ ಕೊಟ್ಟ. ಕೊನೆಯದು ತುಂಬ ಮುಖ್ಯ. ಕೇಳಿದರೆ ಅರ್ಥವಾಗುತ್ತದೆ, ಓದಿದರೆ ಆಗುವುದಿಲ್ಲ ಎಂಬ ಅಂತರವೇ ಪರೀಕ್ಷೆ ಮಾಡಿಸಬೇಕೆಂಬ ಸೂಚನೆ. ನೋಟ್‌ಬುಕ್ಕಿನ ಕೆಲವು ಪುಟಗಳ ಜೆರಾಕ್ಸ್ ಜೊತೆಗಿಡಿ.

ನಂತರ ಕಣ್ಣು, ಕಿವಿ. ಕನ್ನಡಕ ಬೇಕಾಗಿದ್ದ ಮಗುವಿಗೂ, ಕಿವಿ ಸೋರಿ ಅರ್ಧಂಬರ್ಧ ಕೇಳಿಸುವ ಮಗುವಿಗೂ ಕಲಿಕಾ ನ್ಯೂನತೆಯ ಹಣೆಪಟ್ಟಿ ಬೀಳಬಾರದು. ಸರ್ಕಾರಿ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಈ ಮಗುವನ್ನು ಹೆಸರು ಹಿಡಿದು ತೋರಿಸಿ.

ಮೌಲ್ಯಮಾಪನಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗಳಿವೆ. ದೂರದವರು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಲಿ. ಪ್ರಮಾಣಪತ್ರ ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿಗೆ ಅವರ ನೆರವು ಸಿಗುತ್ತದೆ.

ಕಾರ್ಡು ಬರಲಿ ಎಂದು ಶಾಲೆ ಕೈಕಟ್ಟಿ ಕೂರಬೇಕಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ–2016 ಗುರುತಿಸುವ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಇದನ್ನು ಆದಷ್ಟು ಬೇಗ ಪತ್ತೆ ಹಚ್ಚಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವಂತೆ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಮುಖ್ಯ ಶಿಕ್ಷಕರಿಗೆ ಒಂದು ಪುಟದ ಪತ್ರ ಕೊಡಿ: ಮಗುವಿಗೆ ಏನು ಚೆನ್ನಾಗಿ ಬರುತ್ತದೆ, ಎಲ್ಲಿ ತಡೆಯುತ್ತದೆ, ಏನು ಮಾಡಿದರೆ ಅನುಕೂಲ. ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಬಾಯಿಮಾತಿನ ಒಪ್ಪಂದ ಶಿಕ್ಷಕರ ವರ್ಗಾವಣೆಯೊಂದಿಗೆ ಹೊರಟುಹೋಗುತ್ತದೆ.

ಕೇಳಬೇಕಾದದ್ದು ದೊಡ್ಡದೇನಲ್ಲ. ಮುಂದಿನ ಬೆಂಚು. ಬೋರ್ಡಿನ ನೋಟ್ಸ್‌ಗೆ ಬದಲು ಗೆಳೆಯನ ಪುಸ್ತಕದ ಜೆರಾಕ್ಸ್. ಮುನ್ಸೂಚನೆಯಿಲ್ಲದೆ ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಿಸದಿರುವುದು. ವಿಜ್ಞಾನ, ಸಮಾಜದ ಕಿರುಪರೀಕ್ಷೆಯಲ್ಲಿ ಬಾಯಿಯುತ್ತರಕ್ಕೂ ಅಂಕ. ತಪ್ಪು ಬರೆದ ಪದವನ್ನು ಐವತ್ತು ಸಲ ಬರೆಸುವ ಶಿಕ್ಷೆ ಮಾತ್ರ ಬೇಡವೇ ಬೇಡ. ಮಗು ಅದೇ ತಪ್ಪನ್ನು ಐವತ್ತು ಸಲ ಬರೆಯುತ್ತದೆ, ಕೈ ನೋಯುತ್ತದೆ, ಅಕ್ಷರದ ಮೇಲೇ ಹಗೆ ಬರುತ್ತದೆ. ಬದಲಿಗೆ ಒಂದು ಹೊತ್ತಿಗೆ ಒಂದೇ ಒತ್ತಕ್ಷರ, ನಾಲ್ಕೈದು ಪದ, ಹೇಳುತ್ತಾ ಬೆರಳಿನಿಂದ ಮರಳಿನಲ್ಲಿ ಬರೆಸಿ ಆಮೇಲೆ ಸ್ಲೇಟಿಗೆ. ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಎಂಬ ವಿಶೇಷ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರನ್ನು ಶಾಲೆಗೆ ಕರೆಸುವಂತೆ ಕೇಳಿ.

ಮನೆಯಲ್ಲಿ ಓದು ದಿನಕ್ಕೆ 20 ನಿಮಿಷ ಸಾಕು. ಪಾಠವನ್ನು ಅಕ್ಕನೋ ಅಜ್ಜನೋ ಓದಿ ಹೇಳಲಿ, ಮಗು ಕೇಳಿ ಮರಳಿ ಹೇಳಲಿ. ಹೋಂವರ್ಕ್ ಮುಗಿಸುವ ಭಾರವೆಲ್ಲ ತಾಯಿಯ ತಲೆಗೇ ಕಟ್ಟಿದರೆ ರಾತ್ರಿ ಮನೆ ರಣರಂಗವಾಗುತ್ತದೆ. ಎಷ್ಟು ಬರೆದರೆ ಸಾಕು ಎಂದು ಶಿಕ್ಷಕರೇ ಗೊತ್ತುಮಾಡಿ ಹೇಳಲಿ.

ಕಾಯ್ದೆಯ 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಮಗು ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ನೆರವು, ದ್ವಿತೀಯ–ತೃತೀಯ ಭಾಷೆಯ ವಿನಾಯಿತಿಗಳನ್ನು ಹೆಸರಿಸಿದೆ. ಎಸ್ಸೆಸ್ಸೆಲ್ಸಿಗೆ ಅರ್ಜಿ ಹೋಗುವುದು ಮುಖ್ಯ ಶಿಕ್ಷಕರ ಮೂಲಕ. ಆದರೆ ಎಂಟನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಲಿಪಿಕಾರರೊಂದಿಗೆ ಅಭ್ಯಾಸವಾಗಬೇಕು. ಉತ್ತರ ಗೊತ್ತಿದ್ದರೂ ಇನ್ನೊಬ್ಬರು ಬರೆದುಕೊಳ್ಳುವ ವೇಗಕ್ಕೆ, ವಾಕ್ಯ ವಾಕ್ಯವಾಗಿ ನಿಲ್ಲಿಸಿ ಹೇಳುವುದು ಬೇರೆಯೇ ವಿದ್ಯೆ. ಪರೀಕ್ಷೆಯ ದಿನವೇ ಅಪರಿಚಿತರೊಬ್ಬರ ಪಕ್ಕ ಕೂತ ಮಗು ಸಂಕೋಚದಿಂದ ಬಾಯೇ ಬಿಡದಿರಬಹುದು.

ಒಂಬತ್ತನೇ ತರಗತಿಯಲ್ಲೇ ಆಧಾರ್, ಯುಡಿಐಡಿ, ಶಾಲಾ ದಾಖಲೆ ಮೂರರಲ್ಲೂ ಹೆಸರು, ಇನಿಷಿಯಲ್, ಜನ್ಮದಿನಾಂಕ ಒಂದೇ ಇವೆಯೇ ನೋಡಿಕೊಳ್ಳಿ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಅರ್ಜಿ ತಿದ್ದುಪಡಿಗೆ ವಾಪಸ್ ಬರಬಹುದು.