ಕುಷ್ಠರೋಗದ ಪ್ರತಿಕ್ರಿಯೆಯನ್ನು ಬೇಗ ಗುರುತಿಸುವುದು ಹೇಗೆ?

ಕುಷ್ಠರೋಗಕ್ಕೆ ಬಹುಔಷಧ ಚಿಕಿತ್ಸೆ ನಡೆಯುತ್ತಿರುವಾಗ, ಕೆಲವೊಮ್ಮೆ ಅದು ಮುಗಿದ ಮೇಲೂ, ಹಳೆಯ ಮಚ್ಚೆಗಳು ಇದ್ದಕ್ಕಿದ್ದಂತೆ ಕೆಂಪಾಗಿ ಊದಿಕೊಳ್ಳಬಹುದು. ಔಷಧ ಒಗ್ಗಲಿಲ್ಲವೆಂದು ಭಾವಿಸಿ ಮಾತ್ರೆ ನಿಲ್ಲಿಸಬೇಡಿ. ಇದು ರೋಗಾಣುಗಳ ವಿರುದ್ಧ ದೇಹದ ರಕ್ಷಣಾ ವ್ಯವಸ್ಥೆ ತೋರುವ ಮೊದಲನೆಯ ಬಗೆಯ ಪ್ರತಿಕ್ರಿಯೆ. ಟಿ-ಜೀವಕೋಶಗಳೆಂಬ ಬಿಳಿ ರಕ್ತಕಣಗಳು ಸ್ರವಿಸುವ ಇಂಟರ್‌ಫೆರಾನ್-ಗಾಮಾ ಎಂಬ ಪ್ರೋಟೀನು, ರೋಗಾಣುಗಳನ್ನು ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳನ್ನು ಪ್ರಚೋದಿಸುತ್ತದೆ. ಅವು ಬಿಡುಗಡೆ ಮಾಡುವ ಟಿಎನ್ಎಫ್ ಎಂಬ ಪ್ರೋಟೀನು ರೋಗಾಣುಗಳ ವಿರುದ್ಧ ಬೇಕಾದದ್ದೇ ಆದರೂ, ಮಿತಿಮೀರಿದಾಗ ಉರಿಯೂತದಿಂದ ನರ ಊದಿಕೊಂಡು ಹಾನಿಗೀಡಾಗುತ್ತದೆ. ಎರಡನೆಯ ಬಗೆಯ ಪ್ರತಿಕ್ರಿಯೆಯಲ್ಲಿ ಜ್ವರ, ನೋವುಳ್ಳ ಗಂಟುಗಳು, ಕಣ್ಣು ಕೆಂಪಾಗುವುದು ಕಾಣಿಸಬಹುದು. ಅಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ಪ್ರೋಟೀನು ಕೂಡ ಪಾತ್ರ ವಹಿಸುತ್ತದೆ.

ಈ ಪ್ರೋಟೀನುಗಳನ್ನು ಅಳೆಯಲು ದುಬಾರಿ ರಕ್ತಪರೀಕ್ಷೆಯ ಅಗತ್ಯವಿಲ್ಲ, ದೇಹದ ಲಕ್ಷಣಗಳೇ ಸಾಕು. ರೋಗಿ ಕಣ್ಣು ಮುಚ್ಚಿ ಕುಳಿತಿರಲಿ. ಬಾಲ್‌ಪೆನ್ನಿನ ತುದಿಯಿಂದ ಅಂಗೈ ಮತ್ತು ಅಂಗಾಲನ್ನು ಹಗುರವಾಗಿ ಮುಟ್ಟಿ, ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸಲು ಹೇಳಿ. ಕಿರುಬೆರಳನ್ನು ಹೊರಕ್ಕೆ ಚಾಚಿಸಿ, ನೀವು ಒಳಕ್ಕೆ ಒತ್ತಿದಾಗ ಅದು ತಡೆಯುತ್ತದೆಯೇ ನೋಡಿ. ರೆಪ್ಪೆಗಳು ಪೂರ್ತಿ ಮುಚ್ಚುತ್ತವೆಯೇ ಎಂಬುದನ್ನೂ ಗಮನಿಸಿ. ನೋವೇ ಇಲ್ಲದೆಯೂ ನರ ಸೋಲಬಹುದಾದ್ದರಿಂದ ಈ ಪರೀಕ್ಷೆಯನ್ನು ತಿಂಗಳಿಗೊಮ್ಮೆಯಾದರೂ ಮಾಡುವುದು ಒಳ್ಳೆಯದು.

ಹೊಸ ಬದಲಾವಣೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಿರಿ. 6 ತಿಂಗಳಿಗಿಂತ ಹಳೆಯದಾದ ನರಹಾನಿ, ಉರಿಯೂತ ತಗ್ಗಿಸುವ ಔಷಧವಾದ ಸ್ಟೀರಾಯ್ಡ್‌ಗೆ ಸ್ಪಂದಿಸುವುದು ಕಷ್ಟ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಅದನ್ನು ಥಟ್ಟನೆ ಬಿಡದೆ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಮಧುಮೇಹ ಅಥವಾ ಕ್ಷಯವಿದ್ದರೆ ಮೊದಲೇ ತಿಳಿಸಿ. ಎರಡನೆಯ ಬಗೆಯ ಪ್ರತಿಕ್ರಿಯೆಗೆ ಬಳಸುವ ಥಾಲಿಡೊಮೈಡ್ ಎಂಬ ಔಷಧ ಟಿಎನ್ಎಫ್ ತಗ್ಗಿಸುತ್ತದೆ, ಆದರೆ ಗರ್ಭಿಣಿಯರು ಅದನ್ನು ಸೇವಿಸಲೇಬಾರದು.