ದೆಹಲಿ ಪರೇಡಿಗೆ ಕಾಲೇಜು ಬ್ಯಾಂಡ್: ಚಳಿ, ಶ್ರುತಿ, ಹೆಜ್ಜೆ

ದೆಹಲಿಗೆ ಹೋಗುವ ಬ್ಯಾಂಡಿಗೆ ಟ್ಯೂನ್ ಕಲಿಯುವುದು ದೊಡ್ಡ ಕೆಲಸವಲ್ಲ. ಕಾಡುವುದು ಜನವರಿಯ ಚಳಿ ಮತ್ತು ರಸ್ತೆಯ ಉದ್ದ. ನಮ್ಮ ಎನ್‌ಸಿಸಿ ಬ್ಯಾಂಡ್ ಗಣರಾಜ್ಯೋತ್ಸವಕ್ಕೆ ಹೋದಾಗ ಪರೇಡಿನ ಆ ರಸ್ತೆ ಇನ್ನೂ ರಾಜಪಥ. ಕರ್ತವ್ಯಪಥ ಆದದ್ದು 2022ರಲ್ಲಿ. ಹೆಸರು ಬದಲಾದರೂ ಮಂಜು ಅದೇ.

ಮೊದಲು ಶ್ರುತಿ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಟ್ರಂಪೆಟ್ಟಿನ ಶ್ರುತಿ ಸುಮಾರು 3 ಸೆಂಟ್ ಇಳಿಯುತ್ತದೆ. ಸೆಂಟ್ ಎಂದರೆ ಶ್ರುತಿಯ ಅಳತೆ: ಅರ್ಧ ಸ್ವರಕ್ಕೆ 100 ಸೆಂಟ್. ಬೆಂಗಳೂರಿನ 25 ಡಿಗ್ರಿಯಲ್ಲಿ ಕೂಡಿಸಿದ ಶ್ರುತಿ ದೆಹಲಿಯ 6 ಡಿಗ್ರಿಯಲ್ಲಿ ನಿಲ್ಲುವುದಿಲ್ಲ. ಉಸಿರಿನ ಬಿಸಿ ಒಂದಿಷ್ಟು ಕಾಪಾಡುತ್ತದೆ, ಪೂರ್ತಿ ಅಲ್ಲ. ಬಡಿದು ನುಡಿಸುವ ಬೆಲ್ ಲೈರಾದ ಲೋಹದ ಪಟ್ಟಿಗಳು ಮಾತ್ರ ಚಳಿಗೆ ಹೆಚ್ಚುಕಡಿಮೆ ಜಗ್ಗುವುದೇ ಇಲ್ಲ. ಹಾಗಾಗಿ ಬ್ರಾಸ್ (ಟ್ರಂಪೆಟ್‌ನಂಥ ಹಿತ್ತಾಳೆ ವಾದ್ಯಗಳು) ಶ್ರುತಿಯಲ್ಲಿ ಕೆಳಗೆ, ಬೆಲ್ ಲೈರಾ ಮೇಲೆ; ಕೇಳಿದವರ ಹಲ್ಲು ಜುಮ್ಮೆನ್ನುತ್ತದೆ. ಉಪಾಯ ಊರಿನಲ್ಲೇ ಮಾಡಿಕೊಳ್ಳಬೇಕು: ಟ್ಯೂನಿಂಗ್ ಸ್ಲೈಡ್ (ಒಳಗೆ ತಳ್ಳಿದರೆ ಶ್ರುತಿ ಏರಿಸುವ, ಹೊರಗೆ ಎಳೆದರೆ ಇಳಿಸುವ ಕೊಳವೆ) ಒಂದರಿಂದ ಒಂದೂವರೆ ಸೆಂ.ಮೀ. ಹೊರಗಿದ್ದಾಗ ಶ್ರುತಿಗೆ ಬರುವ ವಾದ್ಯವನ್ನೇ ಒಯ್ಯಿರಿ. ಸ್ಲೈಡ್ ಈಗಾಗಲೇ ಪೂರ್ತಿ ಒಳಗಿದ್ದರೆ ಅಲ್ಲಿ ಏರಿಸಲು ಜಾಗವೇ ಇರುವುದಿಲ್ಲ. ಮೊಬೈಲಿನ ಟ್ಯೂನರ್ ಪರೇಡ್ ದಿನ ಕೈಯಲ್ಲಿರುವುದಿಲ್ಲ, ಆದ್ದರಿಂದ ರಿಹರ್ಸಲ್‌ನಲ್ಲಿ ಸರಿಹೊಂದಿದ ಜಾಗಕ್ಕೆ ಸ್ಲೈಡಿನ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದಿಡಿ.

ಕತ್ತಲಲ್ಲೇ ಫಾಲ್‌ಇನ್ ಆಗಿ ಸಾಲು ನಿಂತರೂ ಊದುವುದು ಹತ್ತರ ನಂತರ. ಆ ಕಾಯುವ ಗಂಟೆಗಳೇ ವಾದ್ಯಕ್ಕೆ ಶತ್ರು. ಮೌತ್‌ಪೀಸ್ ಜೇಬಿನಲ್ಲಿರಲಿ, ಬೆರಳಿಂದ ಒತ್ತುವ ವಾಲ್ವ್ ಭಾಗ ಕೈಯ ಬಿಸಿಯಲ್ಲಿರಲಿ, ಸದ್ದು ಮಾಡದೆ ಆಗಾಗ ಕೊಳವೆಯೊಳಗೆ ಉಸಿರು ಬಿಡಿ. ವಾಲ್ವ್ ಎಣ್ಣೆ ತೆಳುವಾದ ಸಿಂಥೆಟಿಕ್ ಆಗಿರಬೇಕು, ಒಂದು ವಾಲ್ವಿಗೆ ಎರಡು ಮೂರು ಹನಿ ಸಾಕು. ತುಟಿಗೆ ವ್ಯಾಸಲೀನ್ ರಾತ್ರಿ ಮಾತ್ರ. ಬೆಳಿಗ್ಗೆ ಹಚ್ಚಿದರೆ ಮೌತ್‌ಪೀಸ್ ಜಾರುತ್ತದೆ. ಮರದ ಕ್ಲಾರಿನೆಟ್ ಮನೆಯಲ್ಲೇ ಬಿಡಿ. ತಣ್ಣನೆಯ ಮರಕ್ಕೆ ಒಳಗಿನಿಂದ ಬಿಸಿ ಉಸಿರು ತಗುಲಿದರೆ ಬಿರುಕು ಬಿಡುತ್ತದೆ.

ಚರ್ಮದ ಡ್ರಮ್ ಇದ್ದರೆ ಇನ್ನೊಂದು ತಲೆನೋವು. ಬೆಳಗಿನ ಮಂಜಿಗೆ ಚರ್ಮ ಸಡಿಲವಾಗುತ್ತದೆ, ಹುಡುಗರು ಬಿಗಿಯುತ್ತಾರೆ, ಮಧ್ಯಾಹ್ನದ ಬಿಸಿಲಿಗೆ ಅದೇ ಚರ್ಮ ಒಣಗಿ ಸೆಳೆದು ಹರಿಯುತ್ತದೆ. ಬಿಗಿದವರೇ ಮರೆಯದೆ ಸಡಿಲಿಸಬೇಕು. ನನ್ನನ್ನು ಕೇಳಿದರೆ ಪ್ಲಾಸ್ಟಿಕ್ ಹೆಡ್ಡೇ ವಾಸಿ. ನಾದ ಸ್ವಲ್ಪ ಒರಟು, ಆದರೆ ಕೈಕೊಡುವುದಿಲ್ಲ.

ಹೆಜ್ಜೆಯ ಲೆಕ್ಕ: ನಿಮಿಷಕ್ಕೆ 120, ಒಂದೊಂದೂ 30 ಇಂಚು. ಅಂದರೆ ನಿಮಿಷಕ್ಕೆ ಸುಮಾರು 91 ಮೀಟರ್. ವಿಜಯ್ ಚೌಕದಿಂದ ಇಂಡಿಯಾ ಗೇಟ್ ತಲುಪಲು 20 ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟು ಹೊತ್ತು ಒಂದೇ ಸಮ ಊದಿದರೆ ಯಾವ ತುಟಿಯೂ ಉಳಿಯುವುದಿಲ್ಲ. ಟ್ರಂಪೆಟಿನವರನ್ನು ಎರಡು ಪಾಳಿ ಮಾಡಿ, ನಡುನಡುವೆ ಬರೀ ಡ್ರಮ್ ಬಾರಿಸಿ, ಸಲಾಮಿ ಮಂಚ್ (ವಂದನೆ ಸ್ವೀಕರಿಸುವ ವೇದಿಕೆ) ಹತ್ತಿರ ಬಂದಾಗ ಮಾತ್ರ ಎಲ್ಲರೂ ಒಟ್ಟಿಗೆ ಊದುವಂತೆ ಟ್ಯೂನ್ ಜೋಡಿಸಬೇಕು.

ಬೇಸ್ ಡ್ರಮ್ಮಿನ ಪೆಟ್ಟು ಎಡಗಾಲಿಗೆ. ಆದರೆ ಸದ್ದು 34 ಮೀಟರ್ ಹೋಗಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುತ್ತದೆ. 85 ಮೀಟರ್ ಹಿಂದಿರುವ ತುಕಡಿಗೆ ಆ ಪೆಟ್ಟು ಅರ್ಧ ಹೆಜ್ಜೆ ತಡ. 170 ಮೀಟರ್ ಹಿಂದೆ ಸರಿಯಾಗಿ ಬಲಗಾಲಿಗೆ ಬೀಳುತ್ತದೆ! ಹಿಂದಿನವರು ‘ಬ್ಯಾಂಡ್ ತಾಳ ತಪ್ಪಿತು’ ಎಂದು ಬೈಯುವುದು ಇದಕ್ಕೇ, ಪಾಪ. ಬ್ಯಾಂಡಿನೊಳಗೂ ಬೇಸ್ ಡ್ರಮ್ ನಡುಮಧ್ಯದ ಸಾಲಿನಲ್ಲಿರಬೇಕು, ಮುಂದಿನವರು ಬ್ಯಾಂಡ್ ನಾಯಕನ ಕೈಯ ಕೋಲು, ಅಂದರೆ ಮೇಸ್ ನೋಡಬೇಕು, ಉಳಿದವರು ಮುಂದಿನವರ ಹಿಮ್ಮಡಿ ನೋಡಬೇಕು. ಬೇರೆ ಬ್ಯಾಂಡಿನ ಸದ್ದಿಗೆ ಕಿವಿ ಕೊಟ್ಟರೆ ಕಾಲು ಕೆಟ್ಟಿತು.

ರೈಲಿನಲ್ಲಿ ಬೇಸ್ ಡ್ರಮ್ಮಿಗೆ ಒಂದು ಮೇಲಿನ ಬರ್ತ್ ಬಿಟ್ಟುಕೊಡಿ. ವಾಪಸ್ ಬರುವಾಗ ಪೆಟ್ಟಿಗೆಗೆ ಹಾಕುವ ಮೊದಲು ಕೊಳವೆಯ ನೀರು ಪೂರ್ತಿ ತೆಗೆದು, ವಾಲ್ವ್ ಒರೆಸಿ ಮತ್ತೆ ಎಣ್ಣೆ ಬಿಡಿ. ಇಲ್ಲದಿದ್ದರೆ ರೈಲು ಬೆಂಗಳೂರು ಸೇರುವಷ್ಟರಲ್ಲಿ ವಾಲ್ವ್ ಕಚ್ಚಿಕೊಂಡಿರುತ್ತದೆ.